ಭೋಗನಂದೀಶ್ವರದ ಒಳಗೆ ಎಚ್‌ಡಿಆರ್: ಕಂಬದ ಕೆತ್ತನೆನೂ ಬೇಕು, ಹೊರಗಿನ ಬೆಳಕೂ ಬೇಕು, ಹೆಂಗೆ ತೆಗೀತೀರಾ?

ಕಲ್ಲುಕಂಬ:
ಎಲ್ರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರದವಳು, ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಆಗಾಗ ಕ್ಯಾಮೆರಾ ತಗೊಂಡು ಹೋಗ್ತಿರ್ತೀನಿ, ಕ್ಯಾನನ್ 200ಡಿ, ಕಿಟ್ ಲೆನ್ಸು ಅಷ್ಟೆ. ಅರುಣಾಚಲೇಶ್ವರ, ಭೋಗನಂದೀಶ್ವರ ಎರಡೂ ಗುಡಿ ಮಧ್ಯೆ ಉಮಾಮಹೇಶ್ವರನ ಗುಡಿ ಮುಂದೆ ಕರೀ ಕಲ್ಲಿನ ಕಲ್ಯಾಣ ಮಂಟಪ ಇದ್ಯಲ್ಲ, ಆ ಕಂಬಗಳ ಕೆತ್ತನೆ ನೋಡಿದೋರಿಗೆ ಗೊತ್ತು. ಅದನ್ನ ಹೊರಗಿನ ಅಂಗಳನೂ ಸೇರಿಸಿ ತೆಗೆದ್ರೆ ಒಂದೋ ಕಂಬ ಪೂರ್ತಿ ಕಪ್ಪು, ಇಲ್ಲಾಂದ್ರೆ ಅಂಗಳ ಆಕಾಶ ಎಲ್ಲಾ ಸುಣ್ಣ ಬಳಿದಂಗೆ ಬೆಳ್ಳಗೆ. ಜಾಲಂಧ್ರದ್ದೂ (ತೂತು ಕೊರೆದ ಕಲ್ಲಿನ ಕಿಟಕಿ) ಇದೇ ಕತೆ, ಒಳಗಡೆಯಿಂದ ತೆಗೆದ್ರೆ ಕಲ್ಲಿನ ಶಿವ ಬರೀ ನೆರಳಾಗಿ ಕಾಣ್ತಾನೆ. ಎಚ್‌ಡಿಆರ್ ಮಾಡು, ಅಂದ್ರೆ ಕಮ್ಮಿ ಬೆಳಕಲ್ಲಿ, ಜಾಸ್ತಿ ಬೆಳಕಲ್ಲಿ ತೆಗೆದ ಫೋಟೋಗಳನ್ನ ಸೇರಿಸಿ ಎರಡೂ ಕಾಣೋ ಹಂಗೆ ಮಾಡು, ಅಂತ ಎಲ್ರೂ ಹೇಳ್ತಾರೆ, ಆದ್ರೆ ಆನ್‌ಲೈನಲ್ಲಿ ನೋಡೋ ಎಚ್‌ಡಿಆರ್ ಫೋಟೋ ಮುಕ್ಕಾಲು ಪಾಲು ನಂಗೆ ಹಿಡಿಸಲ್ಲ, ಕಲ್ಲು ಪ್ಲಾಸ್ಟಿಕ್ ಥರ ಆಗಿರುತ್ತೆ. ಕಲ್ಲು ಕಲ್ಲಾಗೇ ಉಳಿಯೋ ಹಂಗೆ ಎಚ್‌ಡಿಆರ್ ಮಾಡೋಕಾಗುತ್ತಾ? ಟ್ರೈಪಾಡ್ ಬೇರೆ ಒಳಗಡೆ ಬಿಡಲ್ಲ.

ಗುಡಿಬಂಡೆ ಮೊಬೈಲ್:
ಫೋನಲ್ಲೇ ತೆಗೀರಿ ಮೇಡಂ, ಈಗಿನ ಫೋನು ಬಟನ್ ಒತ್ತಿದ್ರೆ ತಾನೇ ಎಚ್‌ಡಿಆರ್ ಮಾಡುತ್ತೆ. ನಾನು ಆವಲಬೆಟ್ಟದ ಮೇಲೆ ಸೂರ್ಯನ ಎದುರಿಗೇ ಹಿಡಿದು ತೆಗೆದಿದೀನಿ, ಬಂಡೆನೂ ಕಾಣುತ್ತೆ ಆಕಾಶನೂ ಕಾಣುತ್ತೆ.

ಮಧುಗಿರಿ ಮೇಷ್ಟ್ರು:
ನನ್ನ ಅಭಿಪ್ರಾಯ ಬೇರೆ. ಎಚ್‌ಡಿಆರ್ ಅಂದ್ರೇನೇ ಕೃತಕ. ನೆರಳು ಇರೋ ಜಾಗದಲ್ಲಿ ನೆರಳು ಇರಬೇಕು. ಮಂಟಪದ ಒಳಗೆ ಕತ್ತಲೆ ಇರೋದು ಅದನ್ನ ಕಟ್ಟಿದವರ ಲೆಕ್ಕಾಚಾರ, ಬಿಸಿಲಿಂದ ನೆರಳಿಗೆ, ನೆರಳಿಂದ ಕತ್ತಲೆಗೆ, ಆ ಕತ್ತಲೆಯಲ್ಲಿ ಒಂದು ದೀಪ. ಅದನ್ನೆಲ್ಲಾ ಒಂದೇ ಸಮ ಬೆಳಕು ಮಾಡಿಬಿಟ್ರೆ ಗುಡಿಯ ಅರ್ಥನೇ ಹೋಯ್ತು.

ನಂದಿ ತಪ್ಪಲು:
ಮೇಷ್ಟ್ರು ಹೇಳಿದ್ರಲ್ಲಿ ಮುಖ್ಯವಾದ ಮಾತಿದೆ, ಅದನ್ನ ಬಿಡೋದು ಬೇಡ. ಆದ್ರೆ ಎಚ್‌ಡಿಆರ್ ಅಂದ್ರೆ ಕೃತಕ ಅನ್ನೋದನ್ನ ನಾನು ಒಪ್ಪಲ್ಲ. ಅದ್ರಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ, ಒಂದು ಬೆಳಕನ್ನ ಪೂರ್ತಿ ಹಿಡಿಯೋದು, ಇನ್ನೊಂದು ಹಿಡಿದಿದ್ರಲ್ಲಿ ಎಷ್ಟನ್ನ ತೋರಿಸ್ಬೇಕು ಅಂತ ತೀರ್ಮಾನ ಮಾಡೋದು. ಕೆಡೋದು ಎರಡನೇದ್ರಲ್ಲಿ. ಮೊದಲನೇದನ್ನ ಸರಿಯಾಗಿ ಮಾಡ್ಕೊಂಡ್ರೆ ಎಷ್ಟು ಕತ್ತಲೆ ಇಡಬೇಕು ಅನ್ನೋದು ನಿಮ್ಮ ಕೈಲಿರುತ್ತೆ, ಕ್ಯಾಮೆರಾ ಕೈಲಿರಲ್ಲ.

ಕಲ್ಲುಕಂಬ ಅವರಿಗೆ, ಮೊದಲು ಅಳತೆ ಮಾಡಿ. ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕು ಮಾತ್ರ ಅಳೆಯೋದು) ಇಟ್ಕೊಳಿ, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ತೂತಿನ ಅಳತೆ) ಎಫ್ 8. ಕಂಬದ ಅತಿ ಕಪ್ಪಾದ ಭಾಗ, ಅಂದ್ರೆ ಕೆತ್ತನೆ ಕಾಣಬೇಕು ಅಂತ ನೀವು ಬಯಸೋ ಭಾಗ, ಅದ್ರ ಮೇಲಿಟ್ಟು ಷಟರ್, ಅಂದ್ರೆ ಬೆಳಕು ಒಳಗೆ ಬಿಡೋ ಹೊತ್ತು, ಎಷ್ಟು ತೋರಿಸುತ್ತೆ ನೋಡಿ. ಆಮೇಲೆ ಹೊರಗಿನ ಬಿಸಿಲು ಬಿದ್ದಿರೋ ಗೋಡೆ ಮೇಲಿಟ್ಟು ನೋಡಿ. ಉದಾಹರಣೆಗೆ ಒಳಗೆ ಅರ್ಧ ಸೆಕೆಂಡು, ಹೊರಗೆ 1/500 ಅಂತ ಬಂತು ಅಂದ್ಕೊಳಿ. 1/2, 1/4, 1/8, 1/15, 1/30, 1/60, 1/125, 1/250, 1/500, ಒಂದೊಂದು ಹೆಜ್ಜೆಗೂ ಬೆಳಕು ಅರ್ಧ, ಒಟ್ಟು 8 ಸ್ಟಾಪ್ ವ್ಯತ್ಯಾಸ, ಅಂದ್ರೆ ಹೊರಗೆ ಒಳಗಿನ 256 ಪಟ್ಟು ಬೆಳಕು. ಇದು ಒಂದು ಜೇಪೆಗ್ ಫೋಟೋದಲ್ಲಿ ಹಿಡಿಯೋ ಮಾತೇ ಅಲ್ಲ.

ಇದನ್ನ ಎರಡೆರಡು ಸ್ಟಾಪ್ ಬಿಟ್ಟು ತೆಗೆದ್ರೆ 1/500, 1/125, 1/30, 1/8, 1/2, ಐದು ಫ್ರೇಮಲ್ಲಿ ಮುಗೀತು. ನಿಮ್ಮ 200ಡಿನಲ್ಲಿ ಆಟೋ ಬ್ರಾಕೆಟಿಂಗ್ (ಕ್ಯಾಮೆರಾ ತಾನೇ ಬೆಳಕು ಬದಲಾಯಿಸ್ತಾ ಸಾಲಾಗಿ ತೆಗೆಯೋದು) ಮೂರೇ ಫ್ರೇಮು, ಹೆಚ್ಚಂದ್ರೆ ಎರಡೆರಡು ಸ್ಟಾಪ್ ಅಂತರ. ಹಂಗಾಗಿ ಎಮ್ (ಮ್ಯಾನುವಲ್) ಮೋಡಲ್ಲಿ ಷಟರ್ 1/125 ಇಟ್ಟು ಒಂದು ಸೆಟ್ಟು, 1/8 ಇಟ್ಟು ಇನ್ನೊಂದು ಸೆಟ್ಟು ತೆಗೀರಿ. 1/30 ಎರಡು ಸಲ ಬರುತ್ತೆ, ಬರಲಿ, ಏನೂ ತೊಂದ್ರೆ ಇಲ್ಲ.

ಬದಲಾಯಿಸೋದು ಷಟರ್ ಮಾತ್ರ. ಅಪರ್ಚರ್ ಬದಲಾಯಿಸಿದ್ರೆ ಫೋಕಸ್ಸಿನ ಆಳ ಬದಲಾಗುತ್ತೆ, ಮುಂದಿನ ಕಂಬ ಒಂದು ಫ್ರೇಮಲ್ಲಿ ಶಾರ್ಪು ಇನ್ನೊಂದ್ರಲ್ಲಿ ಮಸುಕು, ಸೇರಿಸಿದಾಗ ಅಂಚು ಎರಡೆರಡಾಗಿ ಕಾಣುತ್ತೆ. ಐಎಸ್‌ಓ ಏರಿಸಿದ್ರೆ ನಾಯ್ಸು (ಚಿತ್ರದಲ್ಲಿ ಮರಳಿನಂಥ ಕಾಳು), ಮತ್ತೆ ಸೆನ್ಸರ್ ಹಿಡಿಯೋ ರೇಂಜೂ ಕಮ್ಮಿ ಆಗುತ್ತೆ. ಫೋಕಸ್ ಒಂದು ಸಲ ಮಾಡ್ಕೊಂಡು ಮ್ಯಾನುವಲ್‌ಗೆ ತಿರುಗಿಸಿಬಿಡಿ. ರಾ ಫೈಲಲ್ಲೇ, ಅಂದ್ರೆ ಸೆನ್ಸರ್ ಹಿಡಿದಿದ್ದನ್ನ ಹಂಗೇ ಇಡೋ ಫೈಲಲ್ಲೇ, ತೆಗೀರಿ.

ಕಲ್ಲುಕಂಬ:
ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಅರ್ಧ ಸೆಕೆಂಡು ಕೈಲಿ ಹಿಡಿಯೋಕೆ ಆಗಲ್ವಲ್ಲ, ಟ್ರೈಪಾಡ್ ಇಲ್ದೆ?

ನಂದಿ ತಪ್ಪಲು:
ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಟ್ರೈಪಾಡ್‌ಗೆ ಮೊದಲೇ ಅನುಮತಿ ತಗೋಬೇಕು, ಆ ನಿಯಮ ಸರಿಯಾಗೇ ಇದೆ, ಕಲ್ಲಿನ ನೆಲದ ಮೇಲೆ ಕಬ್ಬಿಣದ ಮೊನೆ ಊರೋದು ಒಳ್ಳೇದಲ್ಲ, ಬರೋರ ಕಾಲಿಗೂ ಅಡ್ಡ. ಅದಕ್ಕೆ ನಾನು ಮಾಡೋದು, ಒಂದು ದಪ್ಪ ಬಟ್ಟೆ ಚೀಲಕ್ಕೆ ಎರಡು ಕೇಜಿಯಷ್ಟು ರಾಗಿ ತುಂಬಿ ಬಾಯಿ ಹೊಲಿದು ಇಟ್ಕೊಂಡಿದೀನಿ. ನೆಲದ ಮೇಲೋ ಜಗಲಿ ಮೇಲೋ ಇಟ್ಟು ಅದ್ರ ಮೇಲೆ ಕ್ಯಾಮೆರಾ ಒತ್ತಿ ಕೂರಿಸಿದ್ರೆ ರಾಗಿ ಕಾಳು ಕ್ಯಾಮೆರಾ ತಳದ ಆಕಾರಕ್ಕೆ ಸರಿಯಾಗಿ ಕೂತ್ಕೊಳುತ್ತೆ, ಒಂದು ಸೆಕೆಂಡ್ ಎಕ್ಸ್‌ಪೋಷರ್ರೂ ಅಲುಗಾಡದೆ ಬರುತ್ತೆ. ಕೆತ್ತನೆ ಇರೋ ಕಲ್ಲಿನ ಮೇಲೆ ಮಾತ್ರ ಇಡಬೇಡಿ. ಎರಡು ಸೆಕೆಂಡ್ ಟೈಮರ್ ಹಾಕಿ, ಬ್ರಾಕೆಟಿಂಗ್ ಆನ್ ಇದ್ರೆ ಮೂರೂ ಫ್ರೇಮು ಒಂದಾದ ಮೇಲೊಂದು ತಾನೇ ತೆಗೀತದೆ, ಬಟನ್ ಒತ್ತೋ ಅಲುಗಾಟನೂ ಇರಲ್ಲ. ಎರಡನೇ ಸೆಟ್ಟಿಗೆ ಷಟರ್ ಡಯಲ್ ತಿರುಗಿಸೋವಾಗ ಬೆರಳು ಹಗುರಾಗಿ, ಕ್ಯಾಮೆರಾ ಜಾಗ ಬಿಟ್ಟು ಜರುಗಬಾರ್ದು. ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ.

ಇನ್ನೊಂದು, ನೆಲಮಟ್ಟದಿಂದ ತೆಗೆದ್ರೆ ಮಂಟಪದ ಕಂಬಗಳು ಎತ್ತರವಾಗಿ ಗಂಭೀರವಾಗಿ ಕಾಣ್ತವೆ.

ಕೋಲಾರ ಸ್ಟುಡಿಯೋ:
ಅಣ್ಣ ಎಲ್ಲಾ ಸರಿ, ಆದ್ರೆ ನನ್ನ ಪ್ರಶ್ನೆ, ಈಗಿನ ಸೆನ್ಸರ್ ಕಮ್ಮಿ ಐಎಸ್‌ಓದಲ್ಲಿ 13, 14 ಸ್ಟಾಪ್ ಹಿಡಿಯುತ್ತೆ ಅಂತಾರೆ. ಹಂಗಿದ್ರೆ 8 ಸ್ಟಾಪ್‌ಗೆ ಐದು ಫ್ರೇಮ್ ಯಾಕೆ? ಒಂದೇ ರಾ ತೆಗೆದು ಷ್ಯಾಡೋ ಎಳೆದ್ರೆ, ಅಂದ್ರೆ ಎಡಿಟಲ್ಲಿ ಕತ್ತಲೆ ಭಾಗ ಬೆಳಗಿಸಿದ್ರೆ, ಆಯ್ತಲ್ಲ. ನಾನು ಮದ್ವೆ ಮನೇಲಿ ಹಂಗೇ ಮಾಡೋದು.

ನಂದಿ ತಪ್ಪಲು:
ಒಳ್ಳೆ ಪ್ರಶ್ನೆ. ಆ 8 ಸ್ಟಾಪ್ ನಾನು ಲೆಕ್ಕ ಹಾಕಿದ್ದು ಮೀಟರ್ ಮಾಡಿದ ಎರಡು ಜಾಗದ ಮಧ್ಯೆ. ಬಿಸಿಲು ಗೋಡೆಗಿಂತ ಆಕಾಶ ಇನ್ನೂ ಮೇಲೆ, ಕಂಬದ ಸಂದಿ ಇನ್ನೂ ಕೆಳಗೆ, ಒಟ್ಟು 11, 12 ಸುಲಭವಾಗಿ ಆಗುತ್ತೆ.

ಆಮೇಲೆ, ಹಿಡಿಯೋದು ಅಂದ್ರೆ ಚೆನ್ನಾಗಿ ಹಿಡಿಯೋದು ಅಂತಲ್ಲ. 14 ಬಿಟ್ ರಾ ಫೈಲಲ್ಲಿ ಒಟ್ಟು 16,384 ಮಟ್ಟ. ಸೆನ್ಸರ್ ಬೆಳಕನ್ನ ನೇರ ಲೆಕ್ಕದಲ್ಲಿ ಎಣಿಸೋದ್ರಿಂದ ಅತಿ ಬೆಳಗಿರೋ ಮೊದಲನೇ ಸ್ಟಾಪಿಗೇ ಅದ್ರಲ್ಲಿ ಅರ್ಧ, 8,192 ಮಟ್ಟ ಹೋಗಿಬಿಡುತ್ತೆ. ಎರಡನೇದಕ್ಕೆ 4,096, ಮೂರನೇದಕ್ಕೆ 2,048, ಹಿಂಗೇ ಇಳೀತಾ ಎಂಟನೇ ಸ್ಟಾಪಿಗೆ ಬರೋ ಹೊತ್ತಿಗೆ ಉಳಿಯೋದು 64. ನಿಮ್ಮ ಕರೀಕಲ್ಲಿನ ಕೆತ್ತನೆ ಎಲ್ಲಾ ಆ 64ರಲ್ಲೋ ಅದಕ್ಕಿಂತ ಕೆಳಗೋ ಕೂತಿರುತ್ತೆ. ಜೊತೆಗೆ ಅಲ್ಲಿಗೆ ಬೀಳೋ ಬೆಳಕೇ ಕಮ್ಮಿ ಆದ್ರಿಂದ ನಾಯ್ಸಿನ ಪಾಲು ಜಾಸ್ತಿ. ಎಳೆದ್ರೆ ಕಾಣುತ್ತೆ, ಆದ್ರೆ ಕಲ್ಲಿನ ಕಾಳಿಗೂ ನಾಯ್ಸಿನ ಕಾಳಿಗೂ ವ್ಯತ್ಯಾಸ ಗೊತ್ತಾಗಲ್ಲ. ಅರ್ಧ ಸೆಕೆಂಡಿನ ಫ್ರೇಮಲ್ಲಿ ಅದೇ ಕೆತ್ತನೆ ಮೇಲಿನ ಸ್ಟಾಪುಗಳಲ್ಲಿ ಕೂತಿರುತ್ತೆ, ಉಳಿ ಗುರುತು ತನಕ ಬರುತ್ತೆ. ಈ ಕರೀಕಲ್ಲಿಗೆ ನಯವಾದ ಪಾಲಿಷ್ ಇದೆ, ಅದ್ರ ಮೇಲೆ ಹೊರಗಿನ ಬೆಳಕು ಸಣ್ಣಗೆ ಹೊಳೆಯೋದು ಒಂದೇ ರಾ ಎಳೆದಾಗ ಸತ್ತೇ ಹೋಗುತ್ತೆ, ಅದು ಉಳಿಯಬೇಕು ಅನ್ನೋದೇ ನನ್ನ ಹಟ.

ಆದ್ರೆ ನಿಮ್ಮ ಮಾತಲ್ಲೂ ಸತ್ಯ ಇದೆ. ನಂದಿಬೆಟ್ಟದ ಮೇಲೆ ಬೆಳಿಗ್ಗೆ ಮಂಜಿರೋವಾಗ, ಮೋಡ ಮುಚ್ಚಿದ ದಿನ, ಒಂದು ರಾ ಸಾಕೇ ಸಾಕು. ಹಿಸ್ಟೋಗ್ರಾಮ್ (ಕಪ್ಪಿಂದ ಬಿಳಿ ತನಕ ಬೆಳಕಿನ ಹಂಚಿಕೆ ತೋರಿಸೋ ಗ್ರಾಫು) ಎರಡೂ ಕಡೆ ಗೋಡೆಗೆ ಗುದ್ದಿಲ್ಲ ಅಂದ್ರೆ ಬ್ರಾಕೆಟ್ ಮಾಡೋದು ಸುಮ್ನೆ ಕಾರ್ಡು ತುಂಬಿಸೋ ಕೆಲಸ.

ಕೋಲಾರ ಸ್ಟುಡಿಯೋ:
ಒಪ್ಪಿದೆ. ನಮ್ಮ ಸೋಮೇಶ್ವರ ದೇವಸ್ಥಾನದ ಮಂಟಪದಲ್ಲೂ ಇದೇ ಸಮಸ್ಯೆ, ವಿಜಯನಗರದ ಕಾಲದ ಕಂಬಗಳು, ಹೊರಗೆ ಕಣ್ಣು ಕುಕ್ಕೋ ಬಿಸಿಲು. ನಾಳೆನೇ ಟ್ರೈ ಮಾಡ್ತೀನಿ.

ಮದ್ವೆ ಬಗ್ಗೆ ಒಂದು ಮಾತು ಸೇರಿಸ್ತೀನಿ, ಹೊಸ ಹುಡುಗ್ರು ಚೌಟ್ರಿಲಿ ಎಚ್‌ಡಿಆರ್ ಬ್ರಾಕೆಟ್ ಹಾಕ್ಕೊಂಡು ನಿಂತಿರೋದು ನೋಡ್ತೀನಿ. ಧಾರೆ ಎರೆಯೋವಾಗ ಜನ ಕೈ ಆಡಿಸ್ತಿರ್ತಾರೆ, ಅಕ್ಷತೆ ಹಾರ್ತಿರುತ್ತೆ, ಮೂರು ಫ್ರೇಮಲ್ಲಿ ಮೂರು ಥರ. ಅದ್ರ ಮೇಲೆ ಹಿಂದೆ ಎಲ್‌ಇಡಿ ಪರದೆ, ಅದು ಮಿನುಗೋದು ಕಣ್ಣಿಗೆ ಕಾಣಲ್ಲ ಆದ್ರೆ ಷಟರ್ ಜೋರಾದಾಗ ಅಡ್ಡ ಪಟ್ಟೆ ಬೀಳುತ್ತೆ, ಒಂದೊಂದು ಫ್ರೇಮಲ್ಲಿ ಒಂದೊಂದು ಕಡೆ ಪಟ್ಟೆ. ಸೇರಿಸಿದ್ರೆ ದೇವ್ರೇ ಗತಿ. ಜನ ಇರೋ ಕಡೆ ಫ್ಲಾಶನ್ನ ಮೇಲಕ್ಕೆ ಬೌನ್ಸ್ ಮಾಡಿ ಮುಖಕ್ಕೆ ಬೆಳಕು ಕೊಡಿ, ಎಚ್‌ಡಿಆರ್ ಖಾಲಿ ಮಂಟಪದ ಅಲಂಕಾರ ತೆಗೆಯೋಕೆ ಮಾತ್ರ, ಅದೂ ಜನ ಬರೋಕೆ ಮುಂಚೆ.

ಗುಡಿಬಂಡೆ ಮೊಬೈಲ್:
ಹಂಗಾದ್ರೆ ಫೋನಲ್ಲಿ ಜನ ಓಡಾಡ್ತಿದ್ರೂ ಎಚ್‌ಡಿಆರ್ ಸರಿಯಾಗಿ ಬರುತ್ತಲ್ಲ ಅದು ಹೆಂಗೆ?

ನಂದಿ ತಪ್ಪಲು:
ಫೋನಿನ ದಾರಿನೇ ಬೇರೆ, ಮತ್ತೆ ಅದು ನಿಜವಾಗ್ಲೂ ಬುದ್ಧಿವಂತಿಕೆಯ ದಾರಿ. ಗೂಗಲ್‌ನವರು ಎಚ್‌ಡಿಆರ್ ಪ್ಲಸ್ ಅಂತ ಮಾಡಿದ್ರು, ಅದ್ರ ವಿವರ 2016ರಲ್ಲಿ ಪ್ರಬಂಧವಾಗಿ ಬಂತು. ಅದ್ರಲ್ಲಿ ಬೇರೆ ಬೇರೆ ಎಕ್ಸ್‌ಪೋಷರ್ ತೆಗೆಯಲ್ಲ. ಆಕಾಶ ಸುಟ್ಟು ಹೋಗದ ಹಂಗೆ ಕಮ್ಮಿ ಎಕ್ಸ್‌ಪೋಷರಲ್ಲಿ ಒಂದೇ ಥರದ ಸುಮಾರು ಫ್ರೇಮು ಟಪಟಪ ಅಂತ ತೆಗೆದು, ಸಣ್ಣ ಸಣ್ಣ ಚೌಕ ಮಾಡಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ತಗೊಳುತ್ತೆ. ಹೊಂದಿಕೆ ಆಗದ ಚೌಕ, ಅಂದ್ರೆ ಯಾರೋ ನಡೆದು ಹೋಗಿರೋ ಜಾಗ, ಅಲ್ಲಿ ಒಂದೇ ಫ್ರೇಮಿನ ಭಾಗ ಇಟ್ಕೊಂಡು ಮಿಕ್ಕಿದ್ದು ಬಿಡುತ್ತೆ. ಫ್ರೇಮಿನ ಸಂಖ್ಯೆಯ ವರ್ಗಮೂಲದಷ್ಟು ನಾಯ್ಸ್ ಕಮ್ಮಿ ಆಗುತ್ತೆ, 9 ಫ್ರೇಮ್ ಸೇರಿಸಿದ್ರೆ ಮೂರನೇ ಒಂದು ಭಾಗ. ಆಮೇಲೆ ಧೈರ್ಯವಾಗಿ ಕತ್ತಲೆನ ಎತ್ತಬಹುದು. ಆಮೇಲಿನ ಫೋನುಗಳಲ್ಲಿ ಇದಕ್ಕೆ ಬ್ರಾಕೆಟಿಂಗನ್ನೂ ಸೇರಿಸಿದಾರೆ.

ಇದನ್ನ ಕ್ಯಾಮೆರಾದಲ್ಲೂ ಮಾಡಬಹುದು ಕಣ್ರೀ, ರಾಗಿ ಚೀಲನೂ ಇಲ್ಲ, ಕಂಬಕ್ಕೆ ಒರಗಿ ಕೈಲೇ ತೆಗೀಬೇಕು ಅನ್ನೋವಾಗ ಕಂಟಿನ್ಯೂಯಸ್ ಮೋಡಲ್ಲಿ ಒಂದೇ ಎಕ್ಸ್‌ಪೋಷರಿನ ಫ್ರೇಮುಗಳನ್ನ ತೆಗೆದು ಕಂಪ್ಯೂಟರಲ್ಲಿ ಹೊಂದಿಸಿ ಸರಾಸರಿ ಮಾಡಿ.

ಫೋನಿಂದು ನನಗೆ ಒಂದೇ ತಕರಾರು, ಎಷ್ಟು ಕತ್ತಲೆ ಬಿಡಬೇಕು ಅಂತ ಅದು ನಿಮ್ಮನ್ನ ಕೇಳಲ್ಲ. ಗುಡಿ ಒಳಗಾದ್ರೂ ಅಷ್ಟೆ, ಕಾಫಿ ಅಂಗಡಿ ಒಳಗಾದ್ರೂ ಅಷ್ಟೆ, ಎಲ್ಲಾ ಒಂದೇ ಮಟ್ಟಕ್ಕೆ ಎತ್ತಿಬಿಡುತ್ತೆ. ಪ್ರೋ ಮೋಡಲ್ಲಿ ರಾ ತೆಗೆದ್ರೆ ಸ್ವಲ್ಪ ಹತೋಟಿ ಸಿಗುತ್ತೆ.

ಮಧುಗಿರಿ ಮೇಷ್ಟ್ರು:
ಈ ವಿವರಣೆ ನನಗೆ ಇಷ್ಟ ಆಯ್ತು. ನಾನು ಫಿಲ್ಮ್ ಕಾಲದಿಂದ ತೆಗೀತಾ ಬಂದವನು, ಹಾಗಾಗಿ ಇತಿಹಾಸ ಸ್ವಲ್ಪ ಹೇಳ್ತೀನಿ. ಈ ಸಮಸ್ಯೆ ಹೊಸದಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಫೋಟೋಗಳಿಗೆ ಆಕಾಶಕ್ಕೊಂದು ನೆಗೆಟಿವ್, ನೀರಿಗೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಪ್ರಿಂಟಲ್ಲಿ ಸೇರಿಸ್ತಿದ್ದ. ಡಾರ್ಕ್‌ರೂಮಲ್ಲಿ ನಾವೂ ಕೈ ಅಡ್ಡ ಇಟ್ಟು ಒಂದು ಕಡೆ ಬೆಳಕು ತಡೀತಿದ್ವಿ, ರಟ್ಟಿನ ತೂತಿಂದ ಇನ್ನೊಂದು ಕಡೆ ಜಾಸ್ತಿ ಬೆಳಕು ಬಿಡ್ತಿದ್ವಿ. ಆನ್ಸೆಲ್ ಆಡಮ್ಸ್ ಜೋನ್ ಸಿಸ್ಟಮ್ ಅಂತ ಮಾಡಿದ್ದೂ ಇದಕ್ಕೇ, ಕಪ್ಪಿಂದ ಬಿಳಿ ತನಕ ಜೋನ್ ಮಾಡ್ಕೊಂಡು, ಈ ಬಂಡೆ ಯಾವ ಜೋನಲ್ಲಿ ಬರಬೇಕು ಅಂತ ಕ್ಲಿಕ್ ಮಾಡೋಕೆ ಮೊದಲೇ ನಿರ್ಧಾರ ಮಾಡೋದು.

ಅಂದ್ರೆ ನನ್ನ ವಿರೋಧ ತಂತ್ರಕ್ಕಲ್ಲ. ನಿರ್ಧಾರ ಮಾಡದೇ ಇರೋದಕ್ಕೆ.

ನಂದಿ ತಪ್ಪಲು:
ಸಾರ್, ಅದೇ ನಾನೂ ಹೇಳ್ತಿರೋದು. ನೀವು ಇತಿಹಾಸ ಎತ್ತಿದ್ರಿಂದ ಇನ್ನೊಂದು, ಈಗ ನಾವು ಮಾಡೋ ಡಿಜಿಟಲ್ ಎಚ್‌ಡಿಆರ್‌ಗೆ ದೊಡ್ಡ ತಳಪಾಯ ಹಾಕಿದ್ದು 1997ರ ಒಂದು ಪ್ರಬಂಧ, ಬರೆದೋರು ಪಾಲ್ ಡೆಬೆವೆಕ್ ಮತ್ತೆ ಜಿತೇಂದ್ರ ಮಲಿಕ್. ಮಲಿಕ್ ಹುಟ್ಟಿದ್ದು ಮಥುರಾದಲ್ಲಿ, ಓದಿದ್ದು ಐಐಟಿ ಕಾನ್ಪುರ, ಆಮೇಲೆ ಬರ್ಕ್ಲಿಯಲ್ಲಿ ಪ್ರೊಫೆಸರು. ಒಂದೇ ದೃಶ್ಯನ ಬೇರೆ ಬೇರೆ ಷಟರಲ್ಲಿ ತೆಗೆದು, ಕ್ಯಾಮೆರಾ ಬೆಳಕನ್ನ ಹೆಂಗೆ ಅಂಕಿ ಮಾಡುತ್ತೆ ಅನ್ನೋ ಕರ್ವನ್ನ ಆ ಫೋಟೋಗಳಿಂದಲೇ ಕಂಡುಹಿಡಿದು, ದೃಶ್ಯದಲ್ಲಿ ನಿಜವಾಗಿ ಎಷ್ಟೆಷ್ಟು ಬೆಳಕಿತ್ತು ಅನ್ನೋ ನಕ್ಷೆ ಮಾಡೋದು ಹೆಂಗೆ ಅಂತ ತೋರಿಸಿಕೊಟ್ರು. ಅವ್ರಿಗೆ ಬೇಕಿದ್ದಿದ್ದು ಬಣ್ಣ ಬಣ್ಣದ ಚಿತ್ರ ಅಲ್ಲ, ಬೆಳಕಿನ ಅಳತೆ.

ಕೆಜಿಎಫ್ ಹುಡುಗ:
ನಮ್ಮ ಕಡೆ ಸಮಸ್ಯೆ ಇನ್ನೊಂಥರ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಉಳಿದಿರೋ ಶಾಫ್ಟ್ (ಗಣಿ ಬಾವಿ) ಗೋಪುರಗಳು ತುಕ್ಕು ಹಿಡಿದು ನಿಂತಿದಾವಲ್ಲ, ಅವನ್ನ ರಸ್ತೆಯಿಂದ ಸೈನೈಡ್ ದಿಬ್ಬ (ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡ) ಹಿಂದೆ ಇಟ್ಕೊಂಡು ತೆಗೀತೀನಿ. ಲೈಟ್‌ರೂಮ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಮರ್ಜ್ ಮಾಡಿ ಎಳೆದ್ರೆ ಗೋಪುರದ ಸುತ್ತ ಆಕಾಶದಲ್ಲಿ ಬಿಳೀ ಪ್ರಭಾವಳಿ ಬರುತ್ತೆ. ಯಾಕೆ? ಕಬ್ಬಿಣದ ಪಟ್ಟಿ ಸಣ್ಣ ಸಣ್ಣ, ಮಧ್ಯೆ ಮಧ್ಯೆ ಆಕಾಶ.

ನಂದಿ ತಪ್ಪಲು:
ಅದಕ್ಕೆ ಹೇಲೋ ಅಂತಾರೆ, ಎಚ್‌ಡಿಆರ್‌ನ ದೊಡ್ಡ ರೋಗ ಅದೇ. ಟೋನ್ ಮ್ಯಾಪಿಂಗಲ್ಲಿ, ಅಂದ್ರೆ ಹಿಡಿದ ದೊಡ್ಡ ರೇಂಜನ್ನ ಸ್ಕ್ರೀನಿಗೆ ಹೊಂದೋ ಹಂಗೆ ಕುಗ್ಗಿಸೋದ್ರಲ್ಲಿ, ಎರಡು ಬಗೆ. ಒಂದು ಇಡೀ ಚಿತ್ರಕ್ಕೆ ಒಂದೇ ಕರ್ವ್ ಹಾಕೋದು, ಅದ್ರಲ್ಲಿ ಹೇಲೋ ಬರಲ್ಲ ಆದ್ರೆ ಚಿತ್ರ ಸಪ್ಪೆ ಆಗಬಹುದು. ಇನ್ನೊಂದು ಪ್ರತಿ ಪಿಕ್ಸೆಲ್ಲನ್ನ ಅದ್ರ ಅಕ್ಕಪಕ್ಕದ ಸರಾಸರಿ ಜೊತೆ ಹೋಲಿಸಿ ಎತ್ತೋದು ಇಳಿಸೋದು. ಗೋಪುರದ ಅಂಚಿಗೆ ಬಂದಾಗ ಆ ಅಕ್ಕಪಕ್ಕದಲ್ಲಿ ಅರ್ಧ ಕಪ್ಪು ಕಬ್ಬಿಣ, ಅರ್ಧ ಬಿಳೀ ಆಕಾಶ. ಸರಾಸರಿ ಕಪ್ಪಿನ ಕಡೆ ವಾಲೋದ್ರಿಂದ ಸಾಫ್ಟ್‌ವೇರು ಅಂಚಿನ ಆಕಾಶನೂ ಕತ್ತಲೆ ಜಾಗ ಅಂತ ತಿಳ್ಕೊಂಡು ಎತ್ತಿಬಿಡುತ್ತೆ, ಅದೇ ಪ್ರಭಾವಳಿ. ದೇವಸ್ಥಾನದ ಗೋಪುರಕ್ಕೂ ಮರದ ಕೊಂಬೆಗೂ ಇದೇ ಆಗೋದು. ಮಾಡಬೇಕಾಗಿದ್ದು, ಕ್ಲಾರಿಟಿ ಸ್ಲೈಡರ್ ಮುಟ್ಟಬೇಡಿ, ಷ್ಯಾಡೋ ಸ್ಲೈಡರ್ ಕೊನೆ ತನಕ ಎಳೀಬೇಡಿ, ಅದ್ರ ಬದಲು ಇಡೀ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ ಹೈಲೈಟ್ ಇಳಿಸಿ, ಉಳಿದಿದ್ದನ್ನ ಬ್ರಷ್ಷಲ್ಲಿ ಕಬ್ಬಿಣದ ಮೇಲೆ ಮಾತ್ರ ಮಾಡಿ.

ಅದಕ್ಕಿಂತ ಮುಂಚೆ, ತುಕ್ಕು ಗೋಪುರ ಆಕಾಶಕ್ಕೆ ಎದುರಾಗಿ ಕಪ್ಪಗೆ ನಿಂತಿದ್ರೆ ಏನು ಕಮ್ಮಿ ಆಗುತ್ತೆ ಅಂತಾನೂ ಒಂದ್ಸಲ ನೋಡಿ. ತುಕ್ಕಿನ ಬಣ್ಣನೇ ಬೇಕು ಅಂದ್ರೆ ಸೂರ್ಯ ನಿಮ್ಮ ಬೆನ್ನಿಗೆ ಬರೋ ಹೊತ್ತಿಗೆ ಹೋಗಿ, ಒಂದೇ ಫ್ರೇಮಲ್ಲಿ ಆಗೋಗುತ್ತೆ.

ಕೆಜಿಎಫ್ ಹುಡುಗ:
ಬೆಳಿಗ್ಗೆ ಬೆಳಿಗ್ಗೆ ಹೋದ್ರೆ ಸೂರ್ಯ ಬೆನ್ನಿಗೆ ಬರೋ ಜಾಗ ಒಂದಿದೆ. ಸರಿ ಅಣ್ಣ.

ಕಲ್ಲುಕಂಬ:
ಲೈಟ್‌ರೂಮ್ ನನ್ ಹತ್ರ ಇಲ್ಲ, ತಿಂಗಳು ತಿಂಗಳು ದುಡ್ಡು ಕಟ್ಟೋಕೆ ಆಗಲ್ಲ. ಫ್ರೀ ಸಾಫ್ಟ್‌ವೇರ್ ಇದ್ಯಾ?

ಶಿರಾ ಸೀಮೆ:
ಇದೆ ಅಕ್ಕ. ಹ್ಯೂಗಿನ್ ಇನ್‌ಸ್ಟಾಲ್ ಮಾಡ್ಕೊಳಿ, ಅದ್ರ ಜೊತೇಲೇ ಎನ್‌ಫ್ಯೂಸ್ ಬರುತ್ತೆ. ಪೂರ್ತಿ ಫ್ರೀ. ರಾ ಫೈಲನ್ನ ಡಾರ್ಕ್‌ಟೇಬಲ್ಲೋ ರಾಥೆರಪಿನೋ ಯಾವುದ್ರಲ್ಲಾದ್ರೂ ಓಪನ್ ಮಾಡಿ, ಐದಕ್ಕೂ ಒಂದೇ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿದೂಗಿಸೋ ಸೆಟ್ಟಿಂಗು) ಕೊಟ್ಟು 16 ಬಿಟ್ ಟಿಫ್ ಮಾಡಿ, ಆಮೇಲೆ ಎನ್‌ಫ್ಯೂಸ್‌ಗೆ ಕೊಡಿ. ಇದು ಎಚ್‌ಡಿಆರ್ ಫೈಲ್ ಮಾಡಿ ಟೋನ್ ಮ್ಯಾಪ್ ಮಾಡೋ ದಾರಿ ಅಲ್ಲ, ಎಕ್ಸ್‌ಪೋಷರ್ ಫ್ಯೂಷನ್ ಅಂತಾರೆ, 2007ರಲ್ಲಿ ಮೆರ್ಟೆನ್ಸ್ ಮತ್ತೆ ಅವ್ರ ಜೊತೆಯೋರು ಹೇಳಿದ ವಿಧಾನ. ಪ್ರತಿ ಫ್ರೇಮಲ್ಲೂ ಪ್ರತಿ ಪಿಕ್ಸೆಲ್ಲಿಗೆ ಕಾಂಟ್ರಾಸ್ಟ್ ಎಷ್ಟಿದೆ, ಬಣ್ಣ ಎಷ್ಟು ತುಂಬಿದೆ, ಎಕ್ಸ್‌ಪೋಷರ್ ಮಧ್ಯಮಕ್ಕೆ ಎಷ್ಟು ಹತ್ರ ಇದೆ ಅಂತ ಮೂರು ನೋಡಿ ತೂಕ ಕೊಡುತ್ತೆ, ತೂಕ ಜಾಸ್ತಿ ಇರೋದನ್ನ ಜಾಸ್ತಿ ತಗೊಳುತ್ತೆ. ಫಲಿತಾಂಶ ತುಂಬಾ ಸಹಜ, ನೀವು ಹೇಳಿದ ಪ್ಲಾಸ್ಟಿಕ್ ಕಲ್ಲು ಇದ್ರಲ್ಲಿ ಬರೋದು ಕಮ್ಮಿ. ಚಿತ್ರ ಮೊದ್ಲಿಗೆ ಸ್ವಲ್ಪ ಸಪ್ಪೆ ಅನ್ಸಬಹುದು, ಆಮೇಲೆ ಒಂದು ಕರ್ವ್ ಹಾಕಿ ಕತ್ತಲೆನ ವಾಪಸ್ ಇಳಿಸ್ಕೊಳಿ.

ನಾನು ಸೀಬಿ ನರಸಿಂಹ ದೇವಸ್ಥಾನಕ್ಕೆ, ತುಮಕೂರಿಂದ ಶಿರಾಕ್ಕೆ ಬರೋ ದಾರಿಲಿ, ಚಾವಣಿ ಚಿತ್ರ ತೆಗೆಯೋಕೆ ಹೋಗ್ತೀನಿ. ಅಲ್ಲಿ ಎಚ್‌ಡಿಆರ್ ಬೇಕೇ ಆಗಲ್ಲ. ಚಾವಣಿ ಪೂರ್ತಿ ನೆರಳಲ್ಲೇ ಇರೋದ್ರಿಂದ ಬೆಳಕಿನ ವ್ಯತ್ಯಾಸ ಕಮ್ಮಿ, ಕ್ಯಾಮೆರಾನ ನೆಲದ ಮೇಲೆ ಮೇಲ್ಮುಖ ಮಲಗಿಸಿ ಟೈಮರ್ ಹಾಕಿ ಉದ್ದ ಎಕ್ಸ್‌ಪೋಷರ್ ಕೊಟ್ರೆ ಒಂದೇ ಫ್ರೇಮು ಸಾಕು. ಫ್ಲಾಶ್ ಮಾತ್ರ ಯಾರೂ ಹಾಕಬೇಡಿ, ಹಳೇ ಬಣ್ಣ ಅದು, ನಾವು ಕಾಪಾಡಬೇಕು.

ನಂದಿ ತಪ್ಪಲು:
ಶಿರಾ ಸೀಮೆ ಹೇಳಿದ ವೈಟ್ ಬ್ಯಾಲೆನ್ಸ್ ಮಾತನ್ನ ಸ್ವಲ್ಪ ಬೆಳೆಸ್ತೀನಿ, ಯಾಕಂದ್ರೆ ಗುಡಿ ಒಳಗಿನ ಎಚ್‌ಡಿಆರ್ ಕೆಡೋದು ಬೆಳಕಿನ ಪ್ರಮಾಣದಿಂದಷ್ಟೇ ಅಲ್ಲ, ಬೆಳಕಿನ ಬಣ್ಣದಿಂದ. ಎಣ್ಣೆ ದೀಪ ಸುಮಾರು 1,900 ಕೆಲ್ವಿನ್, ಅಂದ್ರೆ ಕೆಂಪು ಹಳದಿ. ಹೊರಗಿನ ಬಿಸಿಲು 5,500ರ ಆಸುಪಾಸು. ಬಿಸಿಲು ಬೀಳದ ಅಂಗಳದ ನೆರಳು ಇನ್ನೂ ಮೇಲೆ, ನೀಲಿ. ಇದರ ಮೇಲೆ ಯಾರೋ ಹಾಕಿರೋ ಬಿಳೀ ಎಲ್‌ಇಡಿ ಟ್ಯೂಬು. ಒಂದೇ ಫೋಟೋ ತೆಗೆದಾಗ ಕತ್ತಲೆ ಕತ್ತಲೆಯಾಗಿದ್ದು ಈ ಬಣ್ಣದ ಗೊಂದಲ ಮುಚ್ಚಿಹೋಗಿರುತ್ತೆ, ಎಚ್‌ಡಿಆರ್ ಮಾಡಿದ ತಕ್ಷಣ ಕಂಬದ ಒಂದು ಮಗ್ಗುಲು ನೀಲಿ ಇನ್ನೊಂದು ಮಗ್ಗುಲು ಹಳದಿ ಅಂತ ಎದ್ದು ಕಾಣುತ್ತೆ, ಜನ ಇದನ್ನೇ ಕೃತಕ ಅನ್ನೋದು ಎಷ್ಟೋ ಸಲ. ಹಂಗಾಗಿ ದೀಪದ ಹಳದಿ ದೀಪದ ಸುತ್ತ ಇರ್ಲಿ, ತೆಗೀಬೇಡಿ. ನೆರಳಿನ ನೀಲಿನ ಮಾತ್ರ ಸ್ವಲ್ಪ ಕಮ್ಮಿ ಮಾಡಿ. ದೀಪದ ಕುಡಿ ಐದು ಫ್ರೇಮಲ್ಲಿ ಐದು ಥರ ಅಲುಗಾಡಿರುತ್ತೆ, ಅದನ್ನ ಒಂದೇ ಫ್ರೇಮಿಂದ, 1/30 ಥರದ್ದರಿಂದ, ಮಾಸ್ಕ್ ಮಾಡಿ ತಗೊಳಿ. ಗರ್ಭಗುಡಿ ಒಳಗೆ ಕ್ಯಾಮೆರಾ ತೋರಿಸಬೇಡಿ, ಅದು ಹೇಳಬೇಕಿಲ್ಲ.

ಕಲ್ಲುಕಂಬ:
ಜಾಲಂಧ್ರಕ್ಕೂ ಇದೇ ಐದು ಫ್ರೇಮ್ ಸಾಕಾ?

ನಂದಿ ತಪ್ಪಲು:
ಜಾಲಂಧ್ರ ಬೇರೆ ಕಣಮ್ಮ. ಅದು ಬೆಳಕನ್ನ ಸೋಸಿ ಒಳಗೆ ಬಿಡೋಕೆ ಕೊರೆದ ಕಲ್ಲು, ತೂತಲ್ಲಿ ಬೆಳಕು ಬರಬೇಕು, ಕಲ್ಲು ಕತ್ತಲಲ್ಲೇ ಇರಬೇಕು. ಒಳಗಿಂದ ನೋಡಿದಾಗ ಶಿವ ನೆರಳಾಗಿ ಕಾಣ್ತಾನೆ ಅಂದ್ರಲ್ಲ, ಅದು ಹಂಗೆ ಕಾಣಬೇಕು ಅಂತಾನೇ ಶಿಲ್ಪಿ ಮಾಡಿರೋದು ಅಂತ ನನ್ನ ನಂಬಿಕೆ. ಅಲ್ಲಿ ಎರಡೇ ಫ್ರೇಮ್ ಸಾಕು, ಒಂದು ಹೊರಗಿನ ಬೆಳಕು ಸುಟ್ಟು ಹೋಗದ ಹಂಗೆ, ಇನ್ನೊಂದು ಕಲ್ಲಿನ ಅಂಚಿನ ದಪ್ಪ ಸ್ವಲ್ಪ ಗೊತ್ತಾಗೋ ಹಂಗೆ. ಕೆತ್ತನೆಯ ವಿವರ ಬೇಕು ಅಂದ್ರೆ ಗೋಡೆ ಹೊರಗಡೆಗೆ ಬನ್ನಿ, ಬಿಸಿಲು ಅಡ್ಡ ಬೀಳೋ ಹೊತ್ತಲ್ಲಿ ಒಂದು ಫೋಟೋ ತೆಗೀರಿ, ಅದೇ ಬೇರೆ ಚಿತ್ರ. ಎರಡನ್ನೂ ಒಂದ್ರಲ್ಲಿ ತುರುಕೋಕೆ ಹೋಗಬೇಡಿ.

ಮಧುಗಿರಿ ಮೇಷ್ಟ್ರು:
ಈ ಮಾತಿಗೆ ಪೂರ್ತಿ ಸಹಮತ. ಶಾಸನದ ಕಲ್ಲು ತೆಗೆಯೋರಿಗೂ ಇದೇ ಹೇಳ್ತೀನಿ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೆಯಲ್ಲಿ ಹೊಲ, ಕೆರೆ ಏರಿ ಮೇಲೆ ಎಲ್ಲೆಲ್ಲೂ ಶಾಸನ, ವೀರಗಲ್ಲು ನಿಂತಿವೆ. ಅಕ್ಷರ ಓದೋಕೆ ಎಚ್‌ಡಿಆರ್ ಉಪಯೋಗ ಇಲ್ಲ. ಸವೆದ ಅಕ್ಷರ ಕಾಣಬೇಕಾದ್ರೆ ಬೆಳಕು ಪಕ್ಕದಿಂದ ಕಲ್ಲಿನ ಮೈಗೆ ಸವರಿದ ಹಾಗೆ ಬೀಳಬೇಕು, ಆಗ ಅಕ್ಷರದ ಹಳ್ಳದಲ್ಲಿ ನೆರಳು ನಿಲ್ಲುತ್ತೆ. ಎಚ್‌ಡಿಆರ್ ಮಾಡಿ ಆ ನೆರಳನ್ನ ಎತ್ತಿಬಿಟ್ರೆ ಅಕ್ಷರವೇ ಅಳಿಸಿದ ಹಾಗಾಯ್ತು. ಇನ್ನು ಕ್ಲಾರಿಟಿ ಜೋರು ಮಾಡಿದ್ರೆ ಕಲ್ಲಿನ ಬಿರುಕೂ ಅಕ್ಷರದ ಗೆರೆ ಥರ ಕಂಡು ಓದೋರಿಗೆ ತಪ್ಪು ದಾರಿ ತೋರಿಸುತ್ತೆ. ದಾಖಲೆಗೆ ಅಂತ ತೆಗೆಯೋರು ಎಡಿಟ್ ಮಾಡದ ಮೂಲ ಫೈಲನ್ನ ಜೊತೆಗೆ ಇಟ್ಕೊಳ್ಳಲೇಬೇಕು.

ಗುಡಿಬಂಡೆ ಮೊಬೈಲ್:
ಇನ್ನೊಂದು ಡೌಟು. ನನ್ನ ಹೊಸ ಫೋನಲ್ಲಿ ಗ್ಯಾಲರಿಲಿ ಫೋಟೋ ಓಪನ್ ಮಾಡಿದ್ರೆ ಸೂರ್ಯ ಸ್ಕ್ರೀನಲ್ಲಿ ಸಡನ್ನಾಗಿ ಹೊಳೆಯೋಕೆ ಶುರು ಆಗುತ್ತೆ, ಅದೇ ಫೋಟೋ ನಮ್ಮಪ್ಪನ ಫೋನಿಗೆ ಕಳಿಸಿದ್ರೆ ಮಾಮೂಲಿ ಕಾಣುತ್ತೆ. ಇದೂ ಎಚ್‌ಡಿಆರ್ ಅಂತಾರೆ.

ಶಿರಾ ಸೀಮೆ:
ಹೆಸರು ಒಂದೇ, ಕೆಲಸ ಉಲ್ಟಾ. ಇಷ್ಟೊತ್ತು ಮಾತಾಡಿದ್ದು ದೊಡ್ಡ ರೇಂಜನ್ನ ಕುಗ್ಗಿಸಿ ಮಾಮೂಲಿ ಸ್ಕ್ರೀನಿಗೆ ಹೊಂದಿಸೋದು. ನಿಮ್ಮ ಫೋನ್ ಮಾಡ್ತಿರೋದು ಕುಗ್ಗಿಸದೆ ಸ್ಕ್ರೀನಿನ ಬೆಳಕನ್ನೇ ಜಾಸ್ತಿ ಮಾಡಿ ತೋರಿಸೋದು. 2023ರಲ್ಲಿ ಆಂಡ್ರಾಯ್ಡ್ 14 ಜೊತೆ ಅಲ್ಟ್ರಾ ಎಚ್‌ಡಿಆರ್ ಅಂತ ಬಂತು, ಜೇಪೆಗ್ ಫೈಲಿನ ಒಳಗೇ ಇನ್ನೊಂದು ಸಣ್ಣ ಚಿತ್ರ ಇಟ್ಟಿರ್ತಾರೆ, ಯಾವ ಜಾಗನ ಎಷ್ಟು ಪಟ್ಟು ಬೆಳಗಿಸಬೇಕು ಅನ್ನೋ ನಕ್ಷೆ ಅದು. ಅದನ್ನ ಓದೋಕೆ ಬರೋ ಸ್ಕ್ರೀನು ಹೊಳೆಯೋ ಹಂಗೆ ತೋರಿಸುತ್ತೆ, ಬರದೇ ಇರೋದು ಮಾಮೂಲಿ ಚಿತ್ರ ತೋರಿಸಿ ಸುಮ್ನಾಗುತ್ತೆ. ಕೆಲವು ಆ್ಯಪ್‌ಗಳಲ್ಲಿ ಕಳಿಸಿದ್ರೆ ಆ ನಕ್ಷೆನೇ ಬಿದ್ದೋಗುತ್ತೆ.

ನಂದಿ ತಪ್ಪಲು:
ಗುಡಿ ಒಳಗಿನ ಚಿತ್ರಕ್ಕೆ ಇದು ದೊಡ್ಡ ಅವಕಾಶ ಅಂತ ನನಗನ್ಸುತ್ತೆ. ಕಂಬನ ಎತ್ತೋದೇ ಬೇಡ, ಕತ್ತಲೆ ಕತ್ತಲೆಯಾಗೇ ಇರುತ್ತೆ, ಬಾಗಿಲಾಚೆಯ ಬಿಸಿಲು ಮಾತ್ರ ಬಿಸಿಲಿನ ಹಂಗೇ ಹೊಳೆಯುತ್ತೆ. ಮೇಷ್ಟ್ರು ಕೇಳೋದೂ ಇದೇ ತಾನೆ.

ಮಧುಗಿರಿ ಮೇಷ್ಟ್ರು:
ಹೌದು. ಅಂಥ ಪರದೆಯಲ್ಲಿ ಒಂದು ಚಿತ್ರ ನೋಡಬೇಕು ಅಂತ ಆಸೆ ಆಗ್ತಿದೆ.

ಕಲ್ಲುಕಂಬ:
ಬ್ರಾಕೆಟ್ ಮಾಡ್ಕೊಂಡು ಬಂದೆ. ಮೋಡ ಇತ್ತು, ಹೊರಗೆ 1/250, ಒಳಗೆ ಅರ್ಧ ಸೆಕೆಂಡು ಬಂತು, ನಾಲ್ಕು ಫ್ರೇಮ್ ಸಾಕಾಯ್ತು. ಎನ್‌ಫ್ಯೂಸಲ್ಲಿ ಸೇರಿಸಿ ಕರ್ವ್ ಹಾಕಿದೀನಿ. ಕಂಬದ ಬಳ್ಳಿ, ಹಕ್ಕಿ ಎಲ್ಲಾ ಕಾಣ್ತಿದೆ, ಚಾವಣಿ ಮೂಲೆ ಕಪ್ಪಾಗೇ ಬಿಟ್ಟಿದೀನಿ. ಅಂಗಳದಲ್ಲಿ ಒಬ್ರು ಅಜ್ಜಿ ಪ್ರದಕ್ಷಿಣೆ ಹಾಕ್ತಿದ್ರು, ಅವ್ರು ಮೂರು ಕಡೆ ಕಾಣ್ತಿದಾರೆ, ಅದನ್ನ ಏನ್ ಮಾಡ್ಲಿ?

ನಂದಿ ತಪ್ಪಲು:
ಅಂಗಳ ಪೂರ್ತಿ 1/250ರ ಫ್ರೇಮಿಂದ ತಗೊಂಡ್ರೆ ಅಜ್ಜಿ ಒಂದೇ ಕಡೆ ಉಳೀತಾರೆ, ಅವ್ರನ್ನ ಅಳಿಸಬೇಡಿ. ಗಿಂಪಲ್ಲಿ (ಇದೂ ಫ್ರೀ ಎಡಿಟಿಂಗ್ ಸಾಫ್ಟ್‌ವೇರು) ಎರಡು ಲೇಯರ್ ಇಟ್ಟು ಮೆತ್ತನೆ ಬ್ರಷ್ಷಲ್ಲಿ ಮಾಸ್ಕ್ ಮಾಡಿ. ಹೊರಗಡೆ ಹೆಂಗಿದ್ರೂ ಆ ಫ್ರೇಮಿನ ಬೆಳಕೇ ಸರಿಯಾಗಿರೋದು.

ಕೋಲಾರ ಸ್ಟುಡಿಯೋ:
ಪ್ರಿಂಟ್ ಹಾಕಿಸ್ತೀರಾದ್ರೆ ಒಂದು ಮಾತು. 24 ಮೆಗಾಪಿಕ್ಸೆಲ್ ಅಂದ್ರೆ 6000 ಇಂಟು 4000, 12 ಇಂಟು 18 ಇಂಚಿಗೆ 300 ಡಿಪಿಐ ಲೆಕ್ಕದಲ್ಲಿ 5400 ಇಂಟು 3600 ಸಾಕು, ಆರಾಮಾಗಿ ಬರುತ್ತೆ. ಆದ್ರೆ ಕಾಗದ ತಾನಾಗಿ ಹೊಳೆಯಲ್ಲ, ಮೇಲೆ ಬಿದ್ದ ಬೆಳಕನ್ನ ವಾಪಸ್ ಕಳಿಸುತ್ತೆ ಅಷ್ಟೆ, ಅದ್ರ ರೇಂಜು ಸ್ಕ್ರೀನಿಗಿಂತ ಕಮ್ಮಿ, ಮ್ಯಾಟ್ ಕಾಗದ ಆದ್ರೆ ಇನ್ನೂ ಕಮ್ಮಿ. ಸ್ಕ್ರೀನಲ್ಲಿ ಕಾಣೋ ಕಂಬದ ಬಳ್ಳಿ ಪ್ರಿಂಟಲ್ಲಿ ಮುಚ್ಚಿಹೋಗಬಹುದು. ಮಾನಿಟರ್ ಬ್ರೈಟ್‌ನೆಸ್ ಕಮ್ಮಿ ಮಾಡ್ಕೊಂಡು ಒಂದು ಸಲ ನೋಡಿ, ಫೈಲನ್ನ ಎಸ್‌ಆರ್‌ಜಿಬಿಲೇ ಕೊಡಿ, ಮತ್ತೆ ದೊಡ್ಡದು ಹಾಕಿಸೋಕೆ ಮುಂಚೆ ಕಂಬದ ಭಾಗ ಮಾತ್ರ ಕತ್ತರಿಸಿ 4 ಇಂಟು 6ರಲ್ಲಿ ಎರಡು ಮೂರು ಬೇರೆ ಬೇರೆ ಬ್ರೈಟ್‌ನೆಸ್ಸಲ್ಲಿ ಟೆಸ್ಟ್ ತಗೊಳಿ. ಗ್ಲಾಸಿ ಅಥವಾ ಲಸ್ಟರ್ (ಅರೆ ಹೊಳಪಿನ ಕಾಗದ) ಕೇಳಿ, ಕರೀಕಲ್ಲಿಗೆ ಮ್ಯಾಟ್ ಬೇಡ. ಲ್ಯಾಬಲ್ಲಿ ಆಟೋ ಕರೆಕ್ಷನ್ ಆಫ್ ಮಾಡಿ ಅಂತ ಬಾಯ್ಬಿಟ್ಟು ಹೇಳಿ, ಇಲ್ಲಾಂದ್ರೆ ನೀವು ಬಿಟ್ಟಿರೋ ಚಾವಣಿ ಕತ್ತಲೆನ ಅವ್ರ ಮೆಷಿನ್ನೇ ಎತ್ತಿ ಕೊಡುತ್ತೆ.

ಕಲ್ಲುಕಂಬ:
ಸರಿ ಅಣ್ಣ, ಲಸ್ಟರಲ್ಲಿ ಟೆಸ್ಟ್ ಹಾಕ್ಸಿ ಇಲ್ಲೇ ಫೋಟೋ ಹಾಕ್ತೀನಿ.